ಕಾರ್ಖಾನೆ ಅಪಘಾತದ ಕೇಸಿಗೆ ಮತ್ತೆ ಮತ್ತೆ ತಾರೀಖು ಬೀಳುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಕೋರ್ಟಿನ ವರಾಂಡದಲ್ಲಿ ನಾನು ಜಾಸ್ತಿ ಕೇಳುವ ಮಾತು ಒಂದೇ. "ವಕೀಲ್ ಸಾಬ್ರ, ಈ ಸಲ ಭೀ ತಾರೀಖೇ ಏನ್ರೀ?" ಕೇಳುವವರು ಸೇಡಂ ಕಡೆಯವರಿರಬಹುದು, ಹುಮನಾಬಾದಿನವರಿರಬಹುದು, ಯಾದಗಿರಿಯ ಕಡೇಚೂರು ಕಡೆಯಿಂದ ಬಂದವರಿರಬಹುದು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಸ್ಪತ್ರೆ ಚೀಟಿ, ಎಫ್‌ಐಆರ್ ಜೆರಾಕ್ಸ್, ಮಡಿಚಿ ಮಡಿಚಿ ಗೆರೆ ಬಿದ್ದ ಆಧಾರ್ ಪ್ರತಿ. ಬೆಳಗ್ಗೆ ಬಸ್ಸು ಹತ್ತಿ ಬಂದು, ಮಧ್ಯಾಹ್ನ ಮುಂದಿನ ತಾರೀಖು ಬರೆಸಿಕೊಂಡು ಹೋಗುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲು ಒಂದು ಮಾತು: ತಾರೀಖು ತಾನಾಗಿ ಮುಂದೆ ಹೋಗುವುದಿಲ್ಲ. ಯಾರೋ ಕೇಳುತ್ತಾರೆ, ಕಾರಣ ಹೇಳುತ್ತಾರೆ, ಕೋರ್ಟು ಬರೆದುಕೊಂಡು ಕೊಡುತ್ತದೆ. ಕೇಳಿದ್ದು ಯಾರು, ಕಾರಣ ಏನು ಅಂತ ತಿಳಿದರೆ ಅರ್ಧ ದಾರಿ ಬಂದ ಹಾಗೆ.

ಈ ಕೇಸು ಹಾಕಿದ್ದು ಯಾರು? ನಾವಂತೂ ಹಾಕಿಲ್ಲ.

ಕಾರ್ಖಾನೆ ಇನ್ಸ್‌ಪೆಕ್ಟರ್. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇದೆ. ಅಪಘಾತವಾದ ಮೇಲೆ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಬೆಲ್ಟಿಗೆ ಗಾರ್ಡ್ (ಕೈ ಸಿಗದಂತೆ ಮುಚ್ಚುವ ತಡೆ) ಇರಲಿಲ್ಲ, ಟ್ಯಾಂಕಿಗೆ ಇಳಿಸುವ ಮೊದಲು ಗಾಳಿ ಪರೀಕ್ಷೆ ಮಾಡಿರಲಿಲ್ಲ ಅಂತ ತಪ್ಪು ಕಂಡರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡುತ್ತಾರೆ. 1948ರ ಕಾರ್ಖಾನೆಗಳ ಕಾಯ್ದೆಯ (2025ರ ನವೆಂಬರ್ 21ರ ತನಕ ಜಾರಿಯಲ್ಲಿದ್ದ ಹಳೆ ಕಾಯ್ದೆ, ಅದಕ್ಕೂ ಮೊದಲಿನ ಅಪಘಾತಕ್ಕೆ ಇದೇ) 105ನೇ ಕಲಂ ಪ್ರಕಾರ ಇನ್ಸ್‌ಪೆಕ್ಟರ್ ದೂರು ಅಥವಾ ಅವರ ಲಿಖಿತ ಒಪ್ಪಿಗೆ ಇಲ್ಲದೆ ಕೋರ್ಟು ಕೇಸು ತೆಗೆದುಕೊಳ್ಳುವ ಹಾಗೇ ಇಲ್ಲ. ಆರೋಪಿಗಳು ಸಾಮಾನ್ಯವಾಗಿ ಇಬ್ಬರು. ಒಬ್ಬರು ಮ್ಯಾನೇಜರ್. ಇನ್ನೊಬ್ಬರು ಕಾಯ್ದೆಯ ಭಾಷೆಯಲ್ಲಿ 'ಆಕ್ಯುಪೈಯರ್', ಅಂದರೆ ಕಾರ್ಖಾನೆ ಮೇಲೆ ಕೊನೆಯ ಹಿಡಿತ ಇರುವವರು. ಕಂಪನಿಯಾದರೆ ಅದರ ಒಬ್ಬ ನಿರ್ದೇಶಕರು.

ಕೇಸು ಹಾಕುವುದಕ್ಕೇ ಗಡುವಿದೆ. ಹಳೆ ಕಾಯ್ದೆಯ 106ನೇ ಕಲಂ ಪ್ರಕಾರ, ತಪ್ಪು ಇನ್ಸ್‌ಪೆಕ್ಟರ್ ಗಮನಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ದೂರು ಕೋರ್ಟು ಮುಟ್ಟಬೇಕು. ಇನ್ಸ್‌ಪೆಕ್ಟರ್ ಬರೆದುಕೊಟ್ಟ ಆದೇಶವನ್ನೇ ಮೀರಿದ್ದರೆ 6 ತಿಂಗಳು. ಈ ಗಡುವು ದಾಟಿದರೆ ಮುಂದೂಡುವ ಮಾತೇ ಬರಲ್ಲ, ಕೇಸೇ ಇರಲ್ಲ. ಅದಕ್ಕೇ ಅಪಘಾತವಾದ ವಾರದಲ್ಲೇ ಇಲಾಖೆಗೆ ಒಂದು ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಅವರಿಗೆ ಯಾವತ್ತು ಗೊತ್ತಾಯಿತು ಅನ್ನುವುದಕ್ಕೆ ಆ ಮುದ್ರೆ ಸಾಕ್ಷಿ.

ಪೊಲೀಸ್ ಕೇಸೂ ನಡೀತಿದೆ. ಎರಡೂ ಒಂದೇನಾ?

ಅಲ್ಲ. ಅಲಕ್ಷ್ಯದಿಂದ ಸಾವು ಅಂತ ಪೊಲೀಸರು ಹಾಕುವ ಕೇಸು ಬೇರೆ. ಮೊದಲು ಅದು ಐಪಿಸಿ 304ಎ ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ಇನ್ಸ್‌ಪೆಕ್ಟರ್ ಹಾಕುವ ಸುರಕ್ಷತಾ ಕೇಸು ಬೇರೆ. ನಂಬರ್ ಬೇರೆ, ತಾರೀಖು ಬೇರೆ, ಕೆಲವು ಸಲ ಕೋರ್ಟು ಹಾಲೂ ಬೇರೆ. ಎರಡನ್ನೂ ಕಲಸಿಕೊಂಡು ತಪ್ಪು ದಿನ ಬಂದು ವಾಪಸ್ ಹೋದವರನ್ನು ನಾನು ಬಹಳ ನೋಡಿದ್ದೇನೆ.

"ಪೊಲೀಸ್ ಕೇಸು ಮುಗಿಯುವ ತನಕ ಇದನ್ನು ನಿಲ್ಲಿಸಿ" ಅಂತ ಕಂಪನಿ ಅರ್ಜಿ ಹಾಕಿದೆ. ನಿಲ್ಲುತ್ತದಾ?

ಹಾಗೆ ತಾನಾಗಿ ನಿಲ್ಲಬೇಕು ಅನ್ನುವ ನಿಯಮ ಇಲ್ಲ. ಒಂದೇ ಕೃತ್ಯ ಎರಡು ಕಾಯ್ದೆಗಳಲ್ಲಿ ಅಪರಾಧವಾದರೆ ಎರಡರ ಅಡಿಯಲ್ಲೂ ಕೇಸು ನಡೆಸಬಹುದು, ಆದರೆ ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ. ಜನರಲ್ ಕ್ಲಾಸಸ್ ಕಾಯ್ದೆಯ 26ನೇ ಕಲಂ ಹೇಳುವುದು ಇದನ್ನೇ. ಇಲ್ಲಿ ಸಾಬೀತು ಮಾಡಬೇಕಾದ್ದೂ ಬೇರೆ. ಪೊಲೀಸ್ ಕೇಸಿನಲ್ಲಿ ಯಾರ ಅಲಕ್ಷ್ಯದಿಂದ ಜೀವ ಹೋಯಿತು ಅನ್ನುವ ಪ್ರಶ್ನೆ. ಸುರಕ್ಷತಾ ಕೇಸಿನಲ್ಲಿ ಯಂತ್ರಕ್ಕೆ ಗಾರ್ಡ್ ಇತ್ತೋ ಇಲ್ಲವೋ ಅನ್ನುವುದು ಪ್ರಶ್ನೆ.

ಆರೋಪಿಗಳ ಅಳುಕು ಪೂರ್ತಿ ಸುಳ್ಳೂ ಅಲ್ಲ. ಒಂದು ಕೇಸಿನಲ್ಲಿ ಬಾಯಿ ಬಿಟ್ಟರೆ ಇನ್ನೊಂದರಲ್ಲಿ ತೊಂದರೆ ಆಗಬಹುದು ಅಂತ ಅವರ ವಕೀಲರು ವಾದಿಸುತ್ತಾರೆ. ಕೋರ್ಟು ಅದನ್ನು ತೂಗಿ ನೋಡುತ್ತದೆ. ಆದರೆ ಇನ್ಸ್‌ಪೆಕ್ಟರ್ ಸಾಕ್ಷಿ ಹೇಳುವುದಕ್ಕೂ ಆರೋಪಿಯ ಬಾಯಿಗೂ ಏನು ಸಂಬಂಧ? ಆ ಸಾಕ್ಷಿಯನ್ನಾದರೂ ಮುಗಿಸಿ ಅಂತ ನಮ್ಮ ಕಡೆಯಿಂದ ಕೇಳಬಹುದು. ನಾನಂತೂ ಕೇಳುತ್ತೇನೆ.

ತಾರೀಖು ಎಷ್ಟು ಸಲ ಕೇಳಬಹುದು? ಮಿತಿ ಇಲ್ವಾ?

ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು) 346ನೇ ಕಲಂ ನೋಡಿ. ವಿಚಾರಣೆ ಶುರುವಾದ ಮೇಲೆ, ಬಂದ ಸಾಕ್ಷಿಗಳೆಲ್ಲ ಮುಗಿಯುವ ತನಕ ದಿನದಿಂದ ದಿನಕ್ಕೆ ನಡೆಯಬೇಕು ಅನ್ನುವುದೇ ಮೂಲ ನಿಯಮ. ಮುಂದೂಡುವುದು ಅದಕ್ಕೆ ಅಪವಾದ. ಕೇಳಿದವರ ಕೈ ಮೀರಿದ ಕಾರಣ ಇರಬೇಕು. ಅಂಥ ಕಾರಣ ಇದ್ದರೂ ಎರಡಕ್ಕಿಂತ ಹೆಚ್ಚು ಸಲ ಕೊಡುವಂತಿಲ್ಲ. ಅದೂ ಎದುರಿನವರ ತಕರಾರು ಕೇಳಿ, ಕಾರಣ ಬರೆದು ಕೊಡಬೇಕು. "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ" ಅನ್ನುವುದು ಕಾರಣವೇ ಅಲ್ಲ ಅಂತ ಕಲಂ ಬಾಯಿಬಿಟ್ಟು ಹೇಳಿದೆ. ಸಮಯ ಕೊಡುವಾಗ, ಕೇಳಿದವರು ಖರ್ಚು ಕಟ್ಟಬೇಕು ಅಂತಲೂ ಕೋರ್ಟು ಹೇಳಬಹುದು. 2024ರ ಜುಲೈ 1ಕ್ಕಿಂತ ಮೊದಲೇ ನಡೆಯುತ್ತಿದ್ದ ಕೇಸಾದರೆ ಇದರ ಜಾಗದಲ್ಲಿದ್ದ ಹಳೆ ಸಿಆರ್‌ಪಿಸಿಯ 309ನೇ ಕಲಂ ನಡೆಯುತ್ತದೆ. ಎರಡೇ ಸಲ ಅನ್ನುವ ಮಿತಿ ಅದರಲ್ಲಿ ಇರಲಿಲ್ಲ, ಉಳಿದದ್ದು ಬಹುತೇಕ ಇದೇ.

ಕಾಗದದ ಮೇಲೆ ಇಷ್ಟು ಗಟ್ಟಿ ಇದ್ದರೂ ವರಾಂಡದಲ್ಲಿ ಯಾಕೆ ಹೀಗೆ ಅಂತೀರಾ? ತಕರಾರು ಹೇಳುವವರು ಇಲ್ಲ, ಅದಕ್ಕೆ. ಸರ್ಕಾರಿ ಅಭಿಯೋಜಕರ ಟೇಬಲ್ ಮೇಲೆ ಒಂದೇ ದಿನ ಹತ್ತಾರು ಕಡತ ಇರುತ್ತವೆ. ಎದುರಿನ ವಕೀಲರು ಒಂದು ಹಾಳೆ ಅರ್ಜಿ ಕೊಡುತ್ತಾರೆ, "ತಕರಾರಿಲ್ಲ" ಅಂತ ಹಿಂದೆ ಒಂದು ಸಹಿ ಬೀಳುತ್ತದೆ, ಮುಗಿಯಿತು. ಆ ಸಹಿ ಬೀಳುವ ಮೊದಲು ನಿಮ್ಮ ಮಾತು ಅಭಿಯೋಜಕರ ಕಿವಿಗೆ ಬಿದ್ದಿರಬೇಕು.

ಹಾಗಾದರೆ ತಾರೀಖು ಕೇಳುವುದೆಲ್ಲ ನೆಪವೇ?

ಹಾಗನ್ನಬಾರದು. ದೂರಿನ ಪ್ರತಿ, ದಾಖಲೆ ಕೈಗೆ ಸಿಕ್ಕಿಲ್ಲ ಅಂದರೆ ಆರೋಪಿಗೆ ಸಮಯ ಕೊಡಲೇಬೇಕು. ಆಸ್ಪತ್ರೆಯಲ್ಲಿದ್ದರೆ, ಮನೆಯಲ್ಲಿ ಸಾವಾಗಿದ್ದರೆ ಕೊಡಬೇಕು. ಹೊಸ ಸಂಹಿತೆಯ 223ನೇ ಕಲಂ ಪ್ರಕಾರ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ಆರೋಪಿಗೆ ಮಾತಾಡಲು ಅವಕಾಶ ಕೊಡಬೇಕು, ಅದಕ್ಕೂ ಒಂದೆರಡು ತಾರೀಖು ಹೋಗುತ್ತದೆ. ಮೆಡಿಕಲ್ ಸರ್ಟಿಫಿಕೇಟ್ ಬಂತು ಅಂದ ಕೂಡಲೇ ಸುಳ್ಳು ಅಂತ ಕೂಗಾಡಬೇಡಿ. ಅದರ ತಾರೀಖು ಯಾವುದು, ಎಷ್ಟು ದಿನಕ್ಕೆ ಕೊಟ್ಟಿದ್ದಾರೆ, ಹಿಂದಿನ ಸಲವೂ ಅದೇ ಕಾಯಿಲೆ ಬರೆದಿದ್ದರಾ ಅಂತ ನೋಡಿ. ಹುಳುಕು ಸಿಗುವುದು ಅಲ್ಲೇ.

ಸಾಕ್ಷಿ ಹೇಳಲು ಕೂಲಿ ಬಿಟ್ಟು ಬಂದೆ. ಸಂಜೆ ತನಕ ಕೂರಿಸಿ ವಾಪಸ್ ಕಳಿಸಿದರು. ಇದು ಸರಿನಾ?

ಸರಿ ಅಲ್ಲ. ಸಾಕ್ಷಿ ಬಂದು ಕೂತಿದ್ದಾಗ ಅವರನ್ನು ವಿಚಾರಿಸದೆ ಮುಂದೂಡಬಾರದು, ಮುಂದೂಡಿದರೆ ವಿಶೇಷ ಕಾರಣವನ್ನು ಬರೆಯಬೇಕು. ಇದು ಕಾನೂನಿನಲ್ಲೇ ಇದೆ. 2001ರಲ್ಲಿ ಶಂಭುನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಆರೋಪಿ ಪರ ವಕೀಲರು ಬಂದಿಲ್ಲ ಅಂದರೂ ಸಾಕ್ಷಿಯ ಹೇಳಿಕೆ ಬರೆದುಕೊಳ್ಳಲು ಕೋರ್ಟಿಗೆ ಅಧಿಕಾರ ಇದೆ.

ನೀವು ಮಾಡಬೇಕಾದ್ದು ಇಷ್ಟು. ಬೆಳಗ್ಗೆ ಬಂದ ಕೂಡಲೇ ಬೆಂಚ್ ಕ್ಲರ್ಕ್ ಹತ್ತಿರ ಸಮನ್ಸ್ ತೋರಿಸಿ, "ಸಾಕ್ಷಿ ಹಾಜರಿದ್ದೇನೆ" ಅಂತ ಹೇಳಿ. ಆಮೇಲೆ ಅಭಿಯೋಜಕರಿಗೂ ಹೇಳಿ. ಹೊರಗೆ ಮರದ ಕೆಳಗೆ ಕೂತರೆ ನೀವು ಬಂದದ್ದೇ ಯಾರಿಗೂ ಗೊತ್ತಾಗಲ್ಲ, ಪ್ರತಿ ತಾರೀಖಿಗೆ ಏನಾಯಿತು ಅಂತ ಕೋರ್ಟು ಬರೆಯುವ ಆರ್ಡರ್ ಶೀಟಿನಲ್ಲಿ "ಸಾಕ್ಷಿ ಗೈರು" ಅಂತ ಬೀಳುತ್ತದೆ. ಸಾಕ್ಷಿಗೆ ಸರ್ಕಾರ ಖರ್ಚು ಕೊಡುವ ಅವಕಾಶವೂ ಇದೆ. ಹಣ ದೊಡ್ಡದಲ್ಲ, ಆದರೂ ಕೇಳಿ.

ಕಂಪನಿ ಸಾಹೇಬರು ಒಂದು ದಿನವೂ ಬಂದಿಲ್ಲ. ಅದಕ್ಕೇ ಕೇಸು ನಿಂತಿದೆ ಅಂತಾರೆ.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಹಾಜರಾತಿ ವಿನಾಯಿತಿ ಬೇರೆ, ಮುಂದೂಡಿಕೆ ಬೇರೆ. ಸಂಹಿತೆಯ 355ನೇ ಕಲಂ ಅಡಿ ಆರೋಪಿಗೆ ಅವತ್ತಿನ ಹಾಜರಾತಿ ಬೇಡ ಅಂತ ಕೋರ್ಟು ಹೇಳಬಹುದು. ಹಾಗೆ ಹೇಳುವುದೇ ವಿಚಾರಣೆ ನಿಲ್ಲದಿರಲಿ ಅಂತ. ವಕೀಲರು ಇದ್ದರೆ ಸಾಕು, ಸಾಕ್ಷಿ ನಡೆಯಬಹುದು. ದೂರದ ಊರಿನಲ್ಲಿ ಕೂತ ನಿರ್ದೇಶಕರು ವಿಡಿಯೊ ಮೂಲಕ ಹಾಜರಾಗಲೂ ಈಗ ದಾರಿ ಇದೆ. ಹಾಗಿರುವಾಗ "ಸಾಹೇಬರು ಬಂದಿಲ್ಲ, ತಾರೀಖು ಕೊಡಿ" ಅನ್ನುವ ಮಾತು ನಿಲ್ಲಲ್ಲ. ವಿನಾಯಿತಿ ಅರ್ಜಿಯೂ ಇಲ್ಲ, ವಕೀಲರೂ ಇಲ್ಲ ಅಂದರೆ ವಾರಂಟ್ ಕೇಳಬಹುದು.

ಇನ್ಸ್‌ಪೆಕ್ಟರೇ ಬರದಿದ್ದರೆ?

ಇದು ಎಲ್ಲಕ್ಕಿಂತ ಅಪಾಯದ ವಿಷಯ. ಯಾರೂ ಇದನ್ನು ಗಮನಿಸುವುದಿಲ್ಲ. 2 ವರ್ಷದೊಳಗಿನ ಶಿಕ್ಷೆಯ ಕೇಸನ್ನು ಸಮನ್ಸ್ ಕೇಸು ಅನ್ನುತ್ತಾರೆ. ನಮ್ಮ ಬಹುತೇಕ ಅಪಘಾತದ ಕೇಸುಗಳು ಇದೇ ಗುಂಪಿನವು. ಇಂಥ ಕೇಸಿನಲ್ಲಿ ದೂರುದಾರರು ಬರದಿದ್ದರೆ ಆರೋಪಿಯನ್ನು ಬಿಟ್ಟುಬಿಡಲು ಮ್ಯಾಜಿಸ್ಟ್ರೇಟರಿಗೆ ಅವಕಾಶ ಇದೆ. ಹೊಸ ಸಂಹಿತೆಯ 279ನೇ ಕಲಂನಲ್ಲಿ ಅದಕ್ಕೆ ಮೊದಲು 30 ದಿನ ಸಮಯ ಕೊಡಬೇಕು ಅಂತ ಸೇರಿಸಿದ್ದಾರೆ. ವಕೀಲರು ಹಾಜರಿದ್ದರೆ ಇನ್ಸ್‌ಪೆಕ್ಟರ್ ಖುದ್ದು ಬರಬೇಕಿಲ್ಲ ಅಂತಲೂ ಕೋರ್ಟು ಹೇಳಬಹುದು.

ಇನ್ಸ್‌ಪೆಕ್ಟರುಗಳನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಒಬ್ಬರ ತಲೆಗೆ ಹಲವು ತಾಲೂಕು. ವರ್ಗಾವಣೆ ಆಗುತ್ತದೆ, ಹೊಸಬರಿಗೆ ಹಳೆ ಕಡತ ಗೊತ್ತಿರಲ್ಲ. ತಾರೀಖಿಗೆ ಒಂದು ವಾರ ಮೊದಲು ನೀವೇ ಕಚೇರಿಗೆ ಫೋನು ಮಾಡಿ ಕೇಸ್ ನಂಬರ್ ಹೇಳಿ ನೆನಪಿಸಿ. ಇದರಲ್ಲಿ ನಾಚಿಕೆ ಏನಿಲ್ಲ.

ಹೈಕೋರ್ಟಿನಿಂದ ಸ್ಟೇ ತಂದಿದ್ದಾರೆ. 6 ತಿಂಗಳಿಗೆ ತಾನಾಗಿ ಹೋಗುತ್ತದೆ ಅಂತಾರಲ್ಲ?

ಈಗ ಹೋಗಲ್ಲ. 2018ರ ಏಷ್ಯನ್ ರಿಸರ್ಫೇಸಿಂಗ್ ತೀರ್ಪಿನಲ್ಲಿ 6 ತಿಂಗಳ ಮಾತು ಇತ್ತು. 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ತೆಗೆದುಹಾಕಿತು. ಸ್ಟೇ ತೆಗೆಸಬೇಕಾದರೆ ಅರ್ಜಿ ಹಾಕಿಯೇ ತೆಗೆಸಬೇಕು. ನಮಗೆ ಒಂದು ಅನುಕೂಲ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಕಲಬುರಗಿಯಲ್ಲಿ 2008ರಲ್ಲಿ ಶುರುವಾದ ಸಂಚಾರಿ ಪೀಠ 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲೇ ಇವೆ. ಕೇಸು ರದ್ದು ಮಾಡಿ ಅಂತ ಹಾಕುವ ಅರ್ಜಿಯಲ್ಲಿ ಎದುರುದಾರರಾಗಿ ಸರ್ಕಾರವನ್ನಷ್ಟೇ ತೋರಿಸಿರುತ್ತಾರೆ, ಮನೆಯವರಿಗೆ ಸುದ್ದಿಯೇ ಬರಲ್ಲ. ಕೆಳಗಿನ ಕೋರ್ಟಿನಲ್ಲಿ "ಸ್ಟೇ ಇದೆ" ಅಂದ ದಿನವೇ ಹೈಕೋರ್ಟಿನ ಅರ್ಜಿ ನಂಬರ್ ಬರೆದುಕೊಳ್ಳಿ. ನಮ್ಮನ್ನೂ ಕೇಳಿ ಅಂತ ಅಲ್ಲಿ ವಕೀಲರ ಮೂಲಕ ಅರ್ಜಿ ಹಾಕಬಹುದು.

ಕೇಸು ಇನ್ಸ್‌ಪೆಕ್ಟರದು. ನಾವು ಬಾಯಿ ಬಿಡಬಹುದಾ?

ಬಿಡಬಹುದು. ಗಾಯಗೊಂಡವರೂ, ತೀರಿಕೊಂಡವರ ವಾರಸುದಾರರೂ ಕಾನೂನಿನ ಕಣ್ಣಿನಲ್ಲಿ 'ಸಂತ್ರಸ್ತರು'. ಅಭಿಯೋಜಕರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟು ಅನುಮತಿ ಕೊಡಬಹುದು. ಆರೋಪಿ ಬಿಡುಗಡೆಯಾದರೆ, ಪರಿಹಾರ ಕಡಿಮೆ ಅನ್ನಿಸಿದರೆ ಮೇಲ್ಮನವಿ ಹಾಕುವ ಹಕ್ಕೂ ಇದೆ. 2022ರ ಲಖೀಂಪುರ ಖೇರಿ ಜಾಮೀನು ತೀರ್ಪಿನಲ್ಲಿ ಸಂತ್ರಸ್ತರಿಗೆ ಕೇಸಿನ ಪ್ರತಿ ಹಂತದಲ್ಲೂ ಮಾತಾಡುವ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟು ಹೇಳಿದೆ.

ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನು ಮಾಡಿದರೂ ಸಾಕು.

ಕೇಸು ಮುಗಿಯುವ ತನಕ ಪರಿಹಾರ ಸಿಗಲ್ವಾ?

ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ದಯವಿಟ್ಟು ಕಾಯಬೇಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅವಲಂಬಿತರ ಪಿಂಚಣಿಗೆ, ಇಲ್ಲದಿದ್ದರೆ ನೌಕರರ ಪರಿಹಾರಕ್ಕೆ ಬೇರೆಯೇ ಅರ್ಜಿ. 1923ರ ಪರಿಹಾರ ಕಾಯ್ದೆಯಲ್ಲಿ 2 ವರ್ಷದ ಗಡುವಿತ್ತು. "ಕ್ರಿಮಿನಲ್ ಕೇಸು ಮುಗೀಲಿ, ಆಮೇಲೆ ನೋಡೋಣ" ಅಂತ ಯಾರೋ ಹೇಳಿದ್ದನ್ನು ನಂಬಿ ಆ ಗಡುವು ದಾಟಿಸಿಕೊಂಡ ಮನೆಗಳಿವೆ. ಸಂಕಟವಾಗುತ್ತದೆ.

ಕಂಪನಿಯವರು ಮನೆಗೆ ಬಂದು, ದುಡ್ಡು ಕೊಡ್ತೀವಿ, ಬಾಂಡಿನ ಮೇಲೆ ಸಹಿ ಹಾಕಿ ಅಂತಾರೆ.

ಖಾಲಿ ಬಾಂಡಿನ ಮೇಲೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಇನ್ಸ್‌ಪೆಕ್ಟರ್ ಹಾಕಿದ ಕೇಸನ್ನು ನೀವು ವಾಪಸ್ ತೆಗೆದುಕೊಳ್ಳಲು ಬರುವುದೇ ಇಲ್ಲ. ಆದರೂ ಆ ಕಾಗದ ತೋರಿಸಿ "ರಾಜಿ ಮಾತು ನಡೀತಿದೆ, ಸಮಯ ಕೊಡಿ" ಅಂತ ತಾರೀಖು ತೆಗೆದುಕೊಳ್ಳುತ್ತಾರೆ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಒಪ್ಪಂದ 1923ರ ಆ ಹಳೆ ಪರಿಹಾರ ಕಾಯ್ದೆಯ ಪ್ರಕಾರ ನಡೆಯಲ್ಲ. ಅದರ ಪ್ರಕಾರ ಸಾವಿನ ಪರಿಹಾರವನ್ನು, ಪರಿಹಾರದ ಅರ್ಜಿ ಕೇಳುವ ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಮನೆಗೆ ತಂದುಕೊಟ್ಟ ನೋಟಿನ ಕಟ್ಟು, 3 ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ, ಪರಿಹಾರದ ಲೆಕ್ಕಕ್ಕೆ ಬರಲ್ಲ.

ಶಿಕ್ಷೆ ಎಷ್ಟು? ಹೊಸ ಕಾಯ್ದೆ ಬಂದಿದೆ ಅಂತಾರೆ.

2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಜಾರಿಗೆ ಬಂತು. ಅದಕ್ಕೂ ಮೊದಲು ಆದ ಅಪಘಾತಕ್ಕೆ ಹಳೆ ಕಾಯ್ದೆಯ ಶಿಕ್ಷೆಯೇ. ಹಳೆಯದರಲ್ಲಿ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ, ಅಥವಾ ಎರಡೂ. ಸಾವಾದರೆ ದಂಡ 25,000ಕ್ಕೆ ಕಡಿಮೆ ಇರಬಾರದು. ಒಂದು ಜೀವದ ಎದುರು ಆ ಅಂಕಿ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ವರ್ಷಗಟ್ಟಲೆ ತಾರೀಖು ಎಳೆದು, ಕೊನೆಗೊಂದು ದಿನ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುವುದೂ ಇದೆ.

ಈ ಹೊಸ ಸುರಕ್ಷತಾ ಸಂಹಿತೆಯಲ್ಲೂ ಸಾವಿಗೆ ಜೈಲು 2 ವರ್ಷದ ತನಕವೇ, ಆದರೆ ದಂಡ ಕನಿಷ್ಠ 5 ಲಕ್ಷ. ಅದರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದ ಪಾಲನ್ನು ಮನೆಯವರಿಗೆ ಕೊಡಿಸಲು ಕೋರ್ಟು ಹೇಳಬಹುದು. ಇದು ಒಳ್ಳೆಯದು. ಇನ್ನೊಂದು ಬದಲಾವಣೆ ನಮ್ಮ ಊರಿಗೆ ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ, ಈಗ 20 ಜನ ಬೇಕು. ಹನ್ನೆರಡು ಹದಿನೈದು ಆಳು ಇಟ್ಟುಕೊಂಡ ತೊಗರಿ ಬೇಳೆ ಮಿಲ್ಲು ಕಾರ್ಖಾನೆಯ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಸಂಹಿತೆಯ ಸಾಮಾನ್ಯ ಹೊಣೆಗಳು 10 ಜನ ಇರುವ ಕಡೆಗೂ ಅನ್ವಯಿಸುತ್ತವೆ, ಅಷ್ಟು ಸಮಾಧಾನ.

ಶಹಾಬಾದ್ ಕಲ್ಲಿನ ಗಣಿಯಲ್ಲಿ ಆದ ಅಪಘಾತ?

ಗಣಿ ಸುರಕ್ಷತೆ ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕೆಲಸ. ಕೇಸು ಹಾಕುವವರು ಅವರು. ತಾರೀಖಿನ ನಿಯಮ ಮಾತ್ರ ಇದೇ.

ನಾನು ಚಿಕ್ಕ ಮಿಲ್ಲಿನ ಮಾಲೀಕ. ನನ್ನ ಮೇಲೆ ಕೇಸಿದೆ. ತಾರೀಖು ಕೇಳುವುದು ತಪ್ಪಾ?

ನಿಜವಾದ ಕಾರಣ ಇದ್ದರೆ ತಪ್ಪಲ್ಲ. ಮುಂಚೆಯೇ ಅರ್ಜಿ ಕೊಡಿ, ಕಾಗದ ಲಗತ್ತಿಸಿ, ಸಾಕ್ಷಿ ಹೊರಡುವ ಮೊದಲೇ ಎದುರಿನವರಿಗೆ ತಿಳಿಸಿ. ಕೂಲಿ ಮಾಡುವ ಮನುಷ್ಯ ಎರಡು ಬಸ್ಸು ಬದಲಿಸಿ ಬಂದ ಮೇಲೆ ತಾರೀಖು ಕೇಳಬೇಡಿ. ಇನ್ನೊಂದು ಮಾತು: ಕೇಸು ಮುಂದೆ ಹೋಯಿತು ಅಂದರೆ ಗಾರ್ಡ್ ಕೂರಿಸುವುದೂ ಮುಂದೆ ಹೋಯಿತು ಅಂತಲ್ಲ. ಹಳೆ ಕಾಯ್ದೆಯಲ್ಲಿ, ಶಿಕ್ಷೆ ಆದ ಮೇಲೂ ತಪ್ಪು ಮುಂದುವರಿದರೆ ದಿನಕ್ಕೆ 1,000 ರೂಪಾಯಿ ತನಕ ದಂಡ ಬೀಳುತ್ತಿತ್ತು. ಎಲಿವೇಟರ್ ಬೆಲ್ಟಿಗೆ ಜಾಲರಿ ಹಾಕಿಸಲು ಒಬ್ಬ ವೆಲ್ಡರ್, ಒಂದು ಮಧ್ಯಾಹ್ನ ಸಾಕು.

ಮುಂದಿನ ತಾರೀಖು ತಿಳಿಯುವುದು ಹೇಗೆ?

ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರ್ ಒಂದಿದ್ದರೆ ಮುಂದಿನ ತಾರೀಖು ಫೋನಿನಲ್ಲೇ ಕಾಣುತ್ತದೆ. ನಂಬರ್ ಅನ್ನು ಬೆಂಚ್ ಕ್ಲರ್ಕ್ ಹತ್ತಿರ ಬರೆಸಿಕೊಳ್ಳಿ.

ಕೋರ್ಟಿನ ದಿನ ನಾವು ಏನು ಮಾಡಬೇಕು?

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಮಗನ ಬಲಗೈ ಬೇಳೆ ಮಿಲ್ಲಿನ ಬೆಲ್ಟಿಗೆ ಸಿಕ್ಕಿತ್ತು. ಆಕೆಗೆ ಓದು ಬಾರದು. ಮೊಮ್ಮಗಳ ಹಳೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ತಾರೀಖನ್ನೂ ಹುಡುಗಿಯ ಕೈಯಲ್ಲಿ ಬರೆಸಿದ್ದರು. ಯಾರು ಬಂದಿದ್ದರು, ಯಾರು ಬಂದಿರಲಿಲ್ಲ, ಏನು ಕಾರಣ ಹೇಳಿದರು. ಪೆನ್ಸಿಲ್ ಅಕ್ಷರ, ಒಂದು ತಾರೀಖಿಗೆ ಒಂದು ಸಾಲು. ನಾಲ್ಕು ಸಾಲುಗಳಲ್ಲಿ "ವಕೀಲರು ಬೇರೆ ಕೋರ್ಟ್" ಅಂತ ಇತ್ತು. ಅರ್ಜಿ ಕೊಟ್ಟು ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿದೆವು, ಪುಸ್ತಕದ ಜೊತೆ ಸಾಲು ಸಾಲು ಹೊಂದಿತು. ಮುಂದಿನ ತಾರೀಖಿನ ಬೆಳಗ್ಗೆ ಆಕೆಯೇ ಆ ಪುಸ್ತಕವನ್ನು ಅಭಿಯೋಜಕರ ಟೇಬಲ್ ಮೇಲೆ ಇಟ್ಟು, "ನೋಡ್ರಿ ಯಪ್ಪಾ, ಎಷ್ಟ್ ಸಲ ಆಯ್ತು" ಅಂದರು. ಅವತ್ತೂ ಅರ್ಜಿ ಬಂತು. ಈ ಸಲ ಅದರ ಹಿಂದೆ "ತಕರಾರು ಇದೆ" ಅಂತ ಬರೆದರು. ಮ್ಯಾಜಿಸ್ಟ್ರೇಟರು ಪುಸ್ತಕ ನೋಡಲಿಲ್ಲ, ಆರ್ಡರ್ ಶೀಟ್ ತಿರುವಿ ನೋಡಿದರು. ಅರ್ಜಿ ವಜಾ ಮಾಡಿ, ಊಟದ ನಂತರ ಸಾಕ್ಷಿ ಅಂದರು. ಸಂಜೆ ನಾಲ್ಕೂವರೆಗೆ ಇನ್ಸ್‌ಪೆಕ್ಟರ್ ಪಾಟಿಸವಾಲು ಮುಗಿದಿತ್ತು.